ಪುಟ್ಟಬಸಮ್ಮ ಊದಿದ ಹನಿ

ರೇಷ್ಮೆಹುಳು ಸಾಕುವ ಹೊಸ ಬಗೆ ತೋರಿಸಲು ೧೯೭೧ರಲ್ಲಿ ಜಪಾನಿನಿಂದ ಕೊಳ್ಳೇಗಾಲಕ್ಕೆ ಬಂದಿದ್ದ ತಜ್ಞರೊಬ್ಬರ ಹೆಂಡತಿ ಮಿಚಿಕೊ, ಊರಿಗೆ ಹೊರಡುವಾಗ ತಮಗೆ ಗೆಳತಿಯಾಗಿದ್ದ ಯಳಂದೂರಿನ ಪುಟ್ಟಬಸಮ್ಮನ ಕೈಗೆ ಒಂದು ಮರದ ಕೊಳಲು ಕೊಟ್ಟುಹೋದರು. ಅಡ್ಡ ಹಿಡಿಯುವುದಲ್ಲ, ನೆಟ್ಟಗೆ ಹಿಡಿದು ಊದುವುದು. ಹೆಸರು ರೆಕಾರ್ಡರ್.

"ರೆಕಾರ್ಡರ್ ಅಂದ್ರೆ ಆಡಿದ್ದ ಇಡ್ಕೊಳೋ ಮಿಷನ್ ಅಲ್ವೇನವ್ವ? ಇದ್ರೊಳಗೆ ಟೇಪೇ ಕಾಣಲ್ವಲ್ಲ!" ಎಂದು ಮಾವ ಗುರುಪಾದಸ್ವಾಮಿ ಅದರ ತೂತಿನೊಳಗೆ ಇಣುಕಿದರು.

ಪುಟ್ಟಬಸಮ್ಮ ಊರಿನ ಸ್ಕೂಲಿನಲ್ಲಿ ಮೇಡಂ. ಬೆಳಗ್ಗೆ ಹುಳುಗಳಿಗೆ ಸೊಪ್ಪು ಹಾಕಿ, ಕೈ ತೊಳೆದು, ದಿನಾ ಅರ್ಧ ಗಂಟೆ ಊದಿ ಊದಿ ಕೊಳಲನ್ನು ಪಳಗಿಸಿಕೊಂಡಳು. ಮಿಚಿಕೊ ತಾವೇ ಬರೆದ ಪದ್ಯಗಳನ್ನು ಇಂಗ್ಲಿಷಿಗೆ ತಿರುಗಿಸಿ ಕಾಗದದಲ್ಲಿ ಕಳಿಸುತ್ತಿದ್ದರು. ಎಲ್ಲವೂ ಮೂರೇ ಸಾಲು. ಒಂದು ಮಾತ್ರ ಪುಟ್ಟಬಸಮ್ಮನ ತಲೆಯಲ್ಲಿ ಕೂತುಬಿಟ್ಟಿತು:

ಮಳೆ ನಿಂತಿದೆ.
ಸೂರಿನ ತುದಿಯಲ್ಲಿ ಒಂದು ಹನಿ
ಇನ್ನೂ ಯೋಚಿಸುತ್ತಿದೆ.

ಅದಕ್ಕೆ ಅವಳೇ ಸ್ವರ ಕೂಡಿಸಿದಳು. ಮೊದಲು ಮಳೆಯ ಸಡಗರ, ಆಮೇಲೆ ಹನಿ ತೂಗಾಡುವಷ್ಟು ಹೊತ್ತು ಮೌನ, ಕೊನೆಗೆ ಒಂದೇ ಸ್ವರ.

ಸ್ಕೂಲ್ ಡೇ ಸಂಜೆ, ತಬಲ, ಶ್ರುತಿಪೆಟ್ಟಿಗೆ ಏನೂ ಇಲ್ಲದೆ ಒಬ್ಬಳೇ ನಿಂತು ಊದಿದಳು. ಮಳೆ ಸೊಗಸಾಗಿ ಸುರಿಯಿತು. ಮೌನ ಬಂತು. ಮುಂದಿನ ಸಾಲಿನಲ್ಲಿದ್ದ ಗುರುಪಾದಸ್ವಾಮಿ ಗಾಬರಿಯಾದರು. ಸೊಸೆ ಮರೆತುಬಿಟ್ಟಳು! ಎದ್ದು ನಿಂತೇಬಿಟ್ಟರು.

"ಎದರ್ಕಬೇಡ ಕಣವ್ವ! ನಾವಿಲ್ವಾ? ಊದು, ಊದು!"

ಇಡೀ ಸಭೆ ಗೊಳ್ಳೆಂದಿತು. ಪುಟ್ಟಬಸಮ್ಮನಿಗೂ ನಗು ತಡೆಯಲಾಗಲಿಲ್ಲ. ಕೊನೆಯ ಸ್ವರ ಎರಡು ಚೂರಾಗಿ ಹೊರಬಿತ್ತು. ವೇದಿಕೆ ಇಳಿದ ಮೇಲೆ ಮಾತ್ರ ಕೊಳಲನ್ನು ಸೆರಗಿನಲ್ಲಿ ಮುಚ್ಚಿಕೊಂಡು ನೇರ ಮನೆ ಕಡೆ ನಡೆದಳು. ಮೂರು ತಿಂಗಳು ಊದಿದ್ದೆಲ್ಲ ನಗೆಪಾಟಲಾಯಿತಲ್ಲ!

ಮನೆಗೆ ಬಂದ ಮೇಲೆ ಪದ್ಯವನ್ನು ಮಾವನಿಗೆ ಕನ್ನಡದಲ್ಲಿ ಹೇಳಿದಳು. ಅವರು ಗಡ್ಡ ಕೆರೆದುಕೊಂಡು ಯೋಚಿಸಿದರು.

"ಅಂಗಾರೆ ಆ ಅನಿ ಬೀಳದೇ ಇಲ್ವಾ?"

"ಪದ್ಯದಲ್ಲಿ ಅದನ್ನ ಹೇಳಿಲ್ಲ ಮಾವ."

"ಅಯ್ಯೋ ಶಿವನೆ! ನಾನು ಕೂಗಿ ಬೀಳ್ಸ್‌ಬುಟ್ನಲ್ಲವ್ವ!"

ಅವರ ಮುಖ ನೋಡಿ ಪುಟ್ಟಬಸಮ್ಮನ ಬೇಸರವೆಲ್ಲ ಹಾರಿಹೋಯಿತು. ಜಗಲಿಯಲ್ಲಿ ಕೂರಿಸಿ ಮತ್ತೊಮ್ಮೆ ಊದಿದಳು. ಮೌನ ಬಂದಾಗ ಗುರುಪಾದಸ್ವಾಮಿ ಉಸಿರು ಬಿಗಿಹಿಡಿದು ಕೂತರು. ಮುಗಿದ ಮೇಲೆ, "ಇನ್ನೊಂದ್ ಗಳಿಗೆ ತಡಿಬೋದಿತ್ತು ಕಣವ್ವ, ಅನಿಗೇನು ಅವಸ್ರ?" ಎಂದರು.

ಮರುವರ್ಷದ ಸ್ಕೂಲ್ ಡೇಯಲ್ಲಿ ಅವಳಿಗಿಂತ ಮೊದಲು ಮೈಕಿನ ಮುಂದೆ ನಿಂತವರು ಅವರೇ. "ನಮ್ಮ ಸೊಸೆ ಮಧ್ಯದಲ್ಲಿ ಸುಮ್ಮನಾಯ್ತಳೆ. ಮರ್ತಿರದಲ್ಲ, ಅದೂ ಸಂಗೀತವೇಯ. ಯಾರೂ ಬಾಯಿ ಬುಡಕೂಡ್ದು," ಎಂದು ಶುರುಮಾಡಿ ಮಳೆ, ಸೂರು, ಹನಿ, ಜಪಾನು ಎಲ್ಲವನ್ನೂ ಹತ್ತು ನಿಮಿಷ ವಿವರಿಸಿದರು. ಸಂಗೀತ ಎರಡೇ ನಿಮಿಷದ್ದು. ಪುಟ್ಟಬಸಮ್ಮ ಕೊಳಲು ಹಿಡಿದು, ನಗು ತಡೆದುಕೊಂಡು, ಮಾವನ ಭಾಷಣ ಮುಗಿಯಲೆಂದು ಕಾದಳು.