ದೀಪ ಆರಿಸುವ ಮೊದಲು

ಈ ವರ್ಷದ ಮಳೆ ಹಿಂದೆಗೆದ ಮೇಲೆ, ರಾತ್ರಿ ಆಕಾಶ ನೋಡುವ ಚುಕ್ಕಿ ಬಳಗದ ಮೊದಲ ಸಭೆ ಅಣ್ಣಯ್ಯ ಗೌಡರ ಕಾಫಿ ಸ್ಟೋರಿನ ಜಗಲಿಯಲ್ಲಿ ಸೇರಿತು. ಸೇರಿತು ಅಂತ ಹೇಳಬೇಕಷ್ಟೆ. ಹಾಸಿದ್ದ ಜಮಖಾನ ಊರವರಿಗೆಲ್ಲ ಸಾಲುವಂಥದ್ದು, ಕೂತವರು ಮೂವರು: ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಶಾಲಿನಿ ಟೀಚರ್, ಬಾಳ್ಳುಪೇಟೆಯಲ್ಲಿ ಕನ್ನಡಕದ ಅಂಗಡಿ ಇಟ್ಟಿರುವ ರಾಜಶೇಖರ್, ಮತ್ತೆ ತೋಟದ ಯಜಮಾನರು ಅಣ್ಣಯ್ಯ ಗೌಡರು. ಫ್ಲಾಸ್ಕಿನಲ್ಲಿ ಬಂದ ಟೀ ಮುಕ್ಕಾಲು ಪಾಲು ಹಾಗೇ ಉಳಿಯಿತು.

ಬಳಗ ಕಟ್ಟಿದವಳು ಶಾಲಿನಿ. ಅವರಿವರು ಕೈಲಾದಷ್ಟು ಹಾಕಿ ಒಂದು ದೂರದರ್ಶಕ ತರಿಸಿದ್ದರು. ಅಮಾವಾಸ್ಯೆ ಆಸುಪಾಸಿನ ಶನಿವಾರ ಸಂಜೆ ಗೌಡರ ಕಣದಲ್ಲಿ ಎಲ್ಲರೂ ಸೇರುವುದು ವಾಡಿಕೆ. ಕಾಫಿ ಒಣಗಿಸುವ ಕಾಲವಾದರೆ ಟಾರ್ಪಾಲು ಹೊದ್ದ ರಾಶಿಗಳ ನಡುವೆಯೇ ಜಾಗ ಮಾಡಿಕೊಂಡು, ಹಣ್ಣಿನ ಹುಳಿ ವಾಸನೆಯಲ್ಲಿ ನಿಂತು ಗುರುಗ್ರಹದ ಚಂದ್ರಗಳನ್ನು ನೋಡುತ್ತಿದ್ದರು. ಜೀಪು ಓಡಿಸುವವನೊಬ್ಬ ಶನಿಯ ಉಂಗುರ ನೋಡಿ, ‘ಇದು ನೀವೇ ಒಳಗೆ ಅಂಟ್ಸಿರೋದಲ್ವಾ ಟೀಚರಮ್ಮ, ನಿಜ ಹೇಳಿ’ ಅಂದಿದ್ದ. ಆ ಮಾತು ಎಷ್ಟೋ ದಿನ ಬಳಗದಲ್ಲಿ ನಗೆಯಾಗಿ ಓಡಾಡಿತ್ತು.

ಅವರಿಗಿದ್ದ ತೊಡಕು ಒಂದೇ, ತಿರುವಿನ ದೀಪ. ಕಣದಿಂದ ಪಡುವಲಿಗೆ, ಕೂಲಿಯವರ ಲೈನ್ ಮನೆಗಳಿಗೆ ಹೋಗುವ ದಾರಿ ಬಾಗುವಲ್ಲಿ ಒಂದು ಎತ್ತರದ ಕಂಬ. ಅಲ್ಲಿ ಆನೆ ಇಳಿಯಲು ಶುರುವಾದ ವರ್ಷ ಗೌಡರೇ ಹಾಕಿಸಿದ ದೀಪ ಅದು. ಅದರ ಬಿಳಿ ಬೆಳಕು ಅರ್ಧ ಕಣಕ್ಕೆ ಚೆಲ್ಲುತ್ತಿತ್ತು. ಹಾಗಾಗಿ ಚುಕ್ಕಿ ನೋಡುವ ಸಂಜೆ ಒಂದೆರಡು ಗಂಟೆ ಅದನ್ನು ಆರಿಸುತ್ತಿದ್ದರು. ಆರಿಸುವ ಮೊದಲು ಲೈನಿಗೆ ಹೋಗಿ ಮನೆಮನೆಗೂ ಹೇಳಿ ಬರಬೇಕು ಅನ್ನುವ ನೇಮ ಮಾಡಿದವಳು ಶಾಲಿನಿ. ಹೇಳಿ ಬರುತ್ತಿದ್ದವಳೂ ಅವಳೇ.

ಹೋದ ವರ್ಷ ಹಣ್ಣು ಕುಯ್ಯುವ ಕಾಲದಲ್ಲೂ ಹೇಳಿ ಬಂದಿದ್ದಳು. ಭೂತಮ್ಮ ಬಾಗಿಲಲ್ಲಿ ನಿಂತು ‘ಹೂಂ ಆರಿಸ್ಕಳಿ’ ಅಂದಿದ್ದಳು. ಅವಳ ಗಂಡ ಗುಂಡಯ್ಯ ಕುಕ್ಕರಿನ ರಬ್ಬರು ತರಲು ಬಾಳ್ಳುಪೇಟೆಗೆ ಹೋಗಿದ್ದ. ಅದನ್ನು ಶಾಲಿನಿ ಕೇಳಲಿಲ್ಲ, ಭೂತಮ್ಮನಿಗೂ ಹೇಳಬೇಕು ಅಂತ ಹೊಳೆಯಲಿಲ್ಲ. ಬಸ್ಸಿಳಿದು ಬಂದ ಗುಂಡಯ್ಯನಿಗೆ ತಿರುವಿನಲ್ಲಿ ನಿಂತಿದ್ದ ಆನೆ ಕಾಣಲಿಲ್ಲ. ಕೂಗು ಕೇಳಿದಾಗ ಕಣದಲ್ಲಿ ಇವರು ಒಬ್ಬರ ಹಿಂದೊಬ್ಬರು ಸಾಲು ನಿಂತು ಚುಕ್ಕಿ ನೋಡುತ್ತಿದ್ದರು.

ಗುಂಡಯ್ಯನ ಸಾವಿನ ಕಾಗದದಲ್ಲಿ ಆನೆ ಅಂತ ಬರೆದರು. ದೀಪ ಅಂತ ಯಾರೂ ಬರೆಯಲಿಲ್ಲ. ಊರವರೂ ಎದುರಿಗೆ ಒಂದು ಮಾತು ಆಡಲಿಲ್ಲ. ಸುಮ್ಮನೆ ಬರುವುದನ್ನು ಬಿಟ್ಟರು.

‘ಧೂಮಕೇತು ಕಾಣೋದು ಇನ್ನು ಮೂರೇ ಸಂಜೆ ಕಣ್ರೀ,’ ಅಂದ ರಾಜಶೇಖರ್, ಟೀ ಲೋಟ ಬದಿಗಿಟ್ಟು. ‘ಮುಳುಗಿದ ಸೂರ್ಯನ ಹಿಂದೇನೇ ಇಳ್ದು ಹೋಗುತ್ತೆ. ಆಮೇಲೆ ಬೆಳದಿಂಗಳು ಬಂತು ಅಂದ್ರೆ ಮುಗೀತು. ಈ ಧೂಮಕೇತು ಮತ್ತೆ ಈ ಕಡೆ ಬರೋ ಹೊತ್ಗೆ ನಾವಲ್ಲ, ನಮ್ಮ ಬೆಟ್ಟಗಳೂ ಇರ್ತವೋ ಇಲ್ವೋ.’

‘ಬೆಟ್ಟದ ಮೇಲಿಂದ ನೋಡ್ಕಳಪ್ಪ,’ ಅಂದರು ಗೌಡರು.

‘ಬೆಟ್ಟಕ್ಕೆ ಸಂಜೆ ಮೇಲೆ ಫಾರೆಸ್ಟಿನವ್ರು ಬಿಡಲ್ಲ ಗೌಡ್ರೆ. ಬೇರೆ ಕಡೆ ಎಲ್ಲ ಪಡುವಲಿಗೆ ಮರ ಅಡ್ಡ. ಬಯಲು ಅಂತ ಇರೋದು ನಿಮ್ಮ ಕಣ ಒಂದೇ. ಅದೂ ಆ ದೀಪದ ನೆತ್ತಿ ಮೇಲೇ ಇಳಿಯುತ್ತೆ. ಅರ್ಧ ಗಂಟೆ ಆರ್ಸಿದ್ರೆ ಸಾಕು.’

ಗೌಡರು ಎಲೆಯಡಿಕೆ ಚೀಲ ಬಿಚ್ಚಿ ಮತ್ತೆ ಕಟ್ಟಿದರು. ‘ಲೈನಿನವ್ರು ಒಪ್ಪಿದ್ರೆ ನಂದೇನಿಲ್ಲ. ಒಪ್ಲಿಲ್ಲ ಅಂದ್ರೆ ಈ ಬಳಗ ಗಿಳಗ ಸಾಕು ಮಾರಾಯ. ಇನ್ನು ಎಷ್ಟು ದಿನ ಮೂರು ಜನ ಕೂತು ಟೀ ಕುಡಿಯಾಣ? ನೀವೇ ಹೋಗಿ ಕೇಳಿ ಟೀಚರೆ.’

ಶಾಲಿನಿ ತಲೆಯಾಡಿಸಿದಳು. ಬಳಗ ಮುಚ್ಚುವುದು ಅಂದರೆ ಅವಳಿಗೆ ಸಣ್ಣ ಮಾತಲ್ಲ. ಆದರೆ ಅದಕ್ಕಿಂತ ಹೆಚ್ಚಾಗಿ, ಭೂತಮ್ಮನ ಬಾಯಲ್ಲಿ ಇನ್ನೊಂದು ಸಲ ‘ಆರಿಸ್ಕಳಿ’ ಅನ್ನುವ ಮಾತು ಬಂದರೆ ಎದೆಯ ಮೇಲಿನ ಭಾರ ಕೊಂಚವಾದರೂ ಇಳಿದೀತು ಅಂತ ಅವಳಿಗೆ ಆಸೆ. ಗುಂಡಯ್ಯನ ಮಣ್ಣಿನ ದಿನ ಹೋಗಿ ಬಂದವಳು ಆಮೇಲೆ ಆ ಲೈನಿಗೆ ಕಾಲಿಟ್ಟಿರಲಿಲ್ಲ.

ಮಾರನೆಯ ದಿನ ಶಾಲೆ ಬಿಟ್ಟ ಮೇಲೆ ಹೋದಳು. ನಲ್ಲಿಯ ಹತ್ತಿರ ಕೊಡ ತೊಳೆಯುತ್ತಿದ್ದ ಚೆಲುವಮ್ಮ ದೂರದಿಂದಲೇ ನೋಡಿ ಸೊಂಟಕ್ಕೆ ಕೈ ಕೊಟ್ಟು ನಿಂತಳು.

‘ಏನ್ ಟೀಚರಮ್ಮ, ದಾರಿ ತಪ್ಪಿತಾ? ಇಲ್ಲಾ ಲೈಟ್ ಆರ್ಸಕ್ಕೆ ಬಂದ್ರಾ?’

ಶಾಲಿನಿಗೆ ಮುಖವೆಲ್ಲ ಬಿಸಿಯಾಯಿತು. ‘ಭೂತಮ್ಮ ಅವ್ರ ಹತ್ರ ಮಾತಾಡ್ಬೇಕಿತ್ತು.’

‘ಅವ್ಳ ಹತ್ರ ಆಡಿ. ನಮ್ಮನ್ನ ಕೇಳಿದ್ರೆ ನಾವ್ ಬೇರೆ ಥರ ಹೇಳ್ತೀವಿ. ಬಾಲದ್ ಚುಕ್ಕಿ ಬಂದೈತಂತೆ, ಯಾರ್ ಮನೆ ಹಾಳ್ ಮಾಡಕ್ಕೋ.’ ಚೆಲುವಮ್ಮ ಕೊಡವನ್ನು ಕುಕ್ಕಿ ಇಟ್ಟಳು. ‘ಲೇ ಭೂತಿ, ನಿನ್ ನೋಡಕ್ ಬಂದವ್ರೆ!’

ಭೂತಮ್ಮ ಹೊರಗೆ ಬಂದು ಮಣೆ ಹಾಕಿದಳು. ಬೇಡ ಅಂದರೂ ಬೆಲ್ಲದ ಕಾಫಿ ಕೊಟ್ಟಳು. ಶಾಲಿನಿ ಹೇಗೋ ಮಾತು ಸೇರಿಸಿ ಬಂದ ಕೆಲಸ ಹೇಳಿ ಮುಗಿಸಿದಳು. ಭೂತಮ್ಮ ಹೊಸಿಲ ಮೇಲೆ ಕೂತು ಸೆರಗಿನ ತುದಿ ಸುರುಳಿ ಸುತ್ತುತ್ತಾ ಕೇಳಿದಳು.

‘ಅವತ್ತೂ ಬಂದಿದ್ರಿ,’ ಅಂದಳು.

‘ಹೂಂ.’

‘ಮನೇಲಿದ್ದೋರ್ಗೆ ಹೇಳಿದ್ರಿ. ದಾರೀಲಿದ್ದೋರ್ಗೆ ಯಾರ್ ಹೇಳ್ತಾರೆ ಟೀಚರಮ್ಮ? ನಿಮ್ಗೂ ಗ್ಯಾನ ಬರ್ಲಿಲ್ಲ. ಅದ್ ಬುಡಿ, ಅವನ್ನ ಪೇಟೆಗೆ ಕಳ್ಸಿದೋಳು ನಾನು, ನಂಗೂ ಬರ್ಲಿಲ್ಲ.’

ಶಾಲಿನಿಯ ಕೈಯಲ್ಲಿ ಲೋಟ ಬಿಸಿಯಾಗಿತ್ತು. ಕೆಳಗಿಡಲು ತೋಚಲಿಲ್ಲ. ‘ನೀವು ಬೇಡ ಅಂದ್ರೆ ಬೇಡ,’ ಅಂದಳು.

‘ಬೇಡ ಅಂತ ಯಾರಂದ್ರು? ನಾನ್ ಈಗ ದಿನಾ ಸಂಜೆ ತಿರುವಿನಾಗೆ ಹೋಗ್ ನಿಂತ್ಕತೀನಿ. ಹೊರಗೆ ಹೋದೋರೆಲ್ಲ ಒಳಕ್ಕೆ ಬರಗಂಟ ನಿಂತಿರ್ತೀನಿ. ಹುಚ್ಚಿ ಅಂತಾರೆ, ಅನ್ಲಿ. ಕೊನೇಯವ್ರು ಬಂದ್ ಮೇಲೆ ನಿಮ್ಗೆ ಟಾರ್ಚ್ ತೋರಿಸ್ತೀನಿ. ಆಗ ಆರಿಸ್ಕಳಿ. ಅಲ್ಲಿಗಂಟ ಮುಟ್ಬ್ಯಾಡಿ.’

ಇಷ್ಟು ಸುಲಭವಾಗಿ ಒಪ್ಪಿದ್ದಕ್ಕೆ ಶಾಲಿನಿಗೆ ಸಂತೋಷವಾಗಬೇಕಿತ್ತು. ಆಗಲಿಲ್ಲ. ಕಾಫಿ ಮುಗಿಸಿ ಲೋಟ ಕೆಳಗಿಟ್ಟಳು. ಚೆಲುವಮ್ಮನ ಕೋಳಿಗಳು ಬಂದು ಮಣೆಯ ಸುತ್ತ ಕೆದಕಿದವು.

ಮೊದಲ ಸಂಜೆ ಮೋಡ. ಎರಡನೆಯ ಸಂಜೆ ಪಡುವಣ ಘಟ್ಟದ ಕಡೆಯಿಂದ ಮಂಜು ಎದ್ದು ದೀಪದ ಕಂಬವೇ ಕಾಣದಂತಾಯಿತು. ಮೂರನೆಯ ದಿನ ಮಧ್ಯಾಹ್ನದ ಹೊತ್ತಿಗೆ ಗಾಳಿ ತಿರುಗಿ ಆಕಾಶ ತೊಳೆದಿಟ್ಟಂತೆ ಆಯಿತು. ರಾಜಶೇಖರ್ ಅಂಗಡಿ ಮುಚ್ಚಿ ಬಂದ. ಸುದ್ದಿ ಕೇಳಿ ಹಳೆಯ ಬಳಗದ ನಾಲ್ಕಾರು ಜನ, ಅವರ ಮನೆಯ ಹೆಂಗಸರು ಕೂಡ ಬಂದರು. ಕಣದಲ್ಲಿ ಬಹಳ ದಿನದ ಮೇಲೆ ಮಾತು ನಗು ಕೇಳಿತು. ಶಾಲಿನಿ ದೂರದರ್ಶಕವನ್ನು ಪಡುವಲಿಗೆ ತಿರುಗಿಸಿ, ಸ್ಟೋರಿನ ಗೋಡೆಯ ಸ್ವಿಚ್ಚಿನ ಪಕ್ಕದಲ್ಲಿ ಹೋಗಿ ನಿಂತಳು.

ಸೂರ್ಯ ಮುಳುಗಿದ. ದೀಪ ಹತ್ತಿತು. ಕಂಬದ ಬುಡದಲ್ಲಿ ಭೂತಮ್ಮ ತಲೆಗೆ ಟವೆಲು ಸುತ್ತಿಕೊಂಡು ನಿಂತಿದ್ದಳು. ಬಸ್ಸಿಳಿದ ಹೆಂಗಸರು ಹೋದರು, ಸೌದೆಯವರು ಹೋದರು, ಸೈಕಲ್ ತಳ್ಳಿಕೊಂಡು ಒಬ್ಬ ಹೋದ. ಕತ್ತಲು ದಟ್ಟವಾಯಿತು. ಭೂತಮ್ಮ ಟಾರ್ಚು ಬೀಸಲಿಲ್ಲ.

‘ಏನಂತೆ?’ ರಾಜಶೇಖರ್ ಬಂದು ಕೇಳಿದ.

ಶಾಲಿನಿ ಹೋಗಿ ವಿಚಾರಿಸಿ ಬಂದಳು. ಲಕ್ಕಯ್ಯ ಒಬ್ಬ ಬರಬೇಕು. ಬಾಳ್ಳುಪೇಟೆಗೆ ಹೋದವನು, ಫೋನು ಎತ್ತುತ್ತಿಲ್ಲ.

ರಾಜಶೇಖರ್ ಬೈಕು ಹತ್ತಿ ಬಸ್ ಸ್ಟಾಪಿನವರೆಗೆ ಹೋಗಿ ಬಂದ. ‘ಇಲ್ಲ ಅಲ್ಲಿ. ಎಲ್ಲಿ ಕುಡ್ದು ಬಿದ್ದವ್ನೋ! ಅವನು ಇವತ್ತು ಬರೋ ಗಿರಾಕಿ ಅಲ್ಲ ಟೀಚರ್. ಆರ್ಸಿ.’

‘ಬಂದ್ರೆ?’

‘ಬಂದ್ರೆ ಬೈಕಿನ ಲೈಟ್ ಹಾಕ್ತೀನಿ! ಈಗ್ಲೇ ಅದು ಮರದ ತುದಿಗೆ ಬಂದಿರುತ್ತೆ. ಹತ್ತು ನಿಮಿಷ, ಬರೀ ಹತ್ತು ನಿಮಿಷ. ನಾನು ಚಿಕ್ಕವನಿಂದ ಒಂದು ಧೂಮಕೇತು ನೋಡ್ಬೇಕು ಅಂತ ಕಾದಿದ್ದೀನಿ ಕಣ್ರೀ.’ ಅವನ ದನಿ ಒಡೆಯಿತು. ಅದು ಕೋಪವೋ ಅಳುವೋ ಗೊತ್ತಾಗಲಿಲ್ಲ.

ಬಂದವರು ಕೈ ಅಡ್ಡ ಹಿಡಿದು ಪಡುವಲಿಗೆ ಕಣ್ಣು ಕಿರಿದು ಮಾಡಿ ನೋಡಿದರು. ದೂರದರ್ಶಕದಲ್ಲಿ ಬೂದು ಬೆಳಕು ಬಿಟ್ಟು ಬೇರೇನೂ ಇರಲಿಲ್ಲ. ಸ್ವಿಚ್ಚು ಶಾಲಿನಿಯ ಭುಜಕ್ಕೆ ತಾಗುವಷ್ಟು ಹತ್ತಿರ. ಒಂದು ಬೆರಳು ಸಾಕು. ಭೂತಮ್ಮನ ಬೆನ್ನು ಕಣದ ಕಡೆಗಿತ್ತು, ಅವಳು ಒಮ್ಮೆಯೂ ತಿರುಗಿ ನೋಡಲಿಲ್ಲ. ಶಾಲಿನಿ ಗೋಡೆಗೆ ಒರಗಿ ಸ್ವಿಚ್ಚನ್ನು ಬೆನ್ನಿನಿಂದ ಮರೆ ಮಾಡಿ ನಿಂತುಬಿಟ್ಟಳು.

‘ಆಯ್ತು ಬಿಡಿ,’ ಅಂದ ರಾಜಶೇಖರ್ ಕೊನೆಗೆ. ‘ಇಳೀತು.’

ಜನ ಒಬ್ಬೊಬ್ಬರೇ ಎದ್ದರು. ಒಬ್ಬ ಹೆಂಗಸು ‘ಕರ್ಸಿ ನಿಲ್ಸಿದ್ದೇ ಬಂತು’ ಅಂತ ಗೊಣಗಿದ್ದು ಕೇಳಿಸಿತು.

ಅವರೆಲ್ಲ ಹೋದ ಸ್ವಲ್ಪ ಹೊತ್ತಿನ ಮೇಲೆ ಲಗೇಜ್ ಆಟೋ ಒಂದು ಬಂದು ಲಕ್ಕಯ್ಯನನ್ನು ಗೇಟಿನಲ್ಲಿ ಇಳಿಸಿ ಹೋಯಿತು. ಅವನು ದೀಪದ ಬೆಳಕಿನಲ್ಲಿ ಅತ್ತಿಂದಿತ್ತ ಕಾಲು ಹಾಕುತ್ತಾ ಬಂದು, ಭೂತಮ್ಮನನ್ನೂ ಕಣದಿಂದ ನಡೆದು ಬಂದ ಶಾಲಿನಿಯನ್ನೂ ನೋಡಿ ಕೈ ಮುಗಿದ.

‘ಯಾಕ್ರವ್ವ ಹಿಂಗ್ ನಿಂತಿದೀರಾ? ಯಾರ್ ಹೋಗ್ಬುಟ್ರು?’

‘ಯಾರೂ ಇಲ್ಲ, ನಡಿಯೋ. ನಿನ್ ಹೆಂಡ್ರು ಅನ್ನ ಇಟ್ಕಂಡ್ ಕೂತವ್ಳೆ,’ ಅಂದಳು ಭೂತಮ್ಮ.

ಅವನ ಕೆಮ್ಮು ಲೈನಿನೊಳಗೆ ಹೋಗಿ ಬಾಗಿಲು ಹಾಕಿಕೊಂಡ ಸದ್ದಾಗುವವರೆಗೆ ಭೂತಮ್ಮ ಅತ್ತಲೇ ನೋಡುತ್ತಿದ್ದಳು. ಆಮೇಲೆ ಭೂತಮ್ಮ ಟಾರ್ಚು ತೆಗೆದು, ಎದುರಿಗೇ ನಿಂತಿದ್ದ ಶಾಲಿನಿಗೆ ಒಮ್ಮೆ ಬೀಸಿದಳು. ಹೇಳಿದ ಮಾತಿನಂತೆ.

‘ಈಗ ಆರಿಸ್ಕಳಿ.’

‘ಅದು ಮುಳುಗ್ತು ಭೂತಮ್ಮ.’

‘ಮುಳುಗ್ತಾ?’ ಭೂತಮ್ಮ ಪಡುವಲಿಗೆ ನೋಡಿದಳು. ಅಲ್ಲಿ ಮರಗಳ ಕಪ್ಪು ಬಿಟ್ಟು ಏನೂ ಇರಲಿಲ್ಲ. ‘ತುಂಬ ಹೊತ್ತೇನಾಗ್ಲಿಲ್ಲ ಅಲ್ವಾ? ಇಷ್ಟೇಯ ಕಣಿ ಟೀಚರಮ್ಮ. ಅವತ್ತೂ ನಾವು ಇಷ್ಟೇ ಕಾಯ್ಬೇಕಾಗಿತ್ತು.’

ಅದರಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಶಾಲಿನಿ ತಲೆ ಬಗ್ಗಿಸಿ ಬೈಸಿಕೊಳ್ಳುತ್ತಿದ್ದಳು. ‘ನಾವು’ ಅಂದದ್ದನ್ನು ಅವಳಿಂದ ತಾಳಲಾಗಲಿಲ್ಲ. ಅಷ್ಟರಲ್ಲಿ ಭೂತಮ್ಮ ತಲೆಯ ಟವೆಲು ಬಿಚ್ಚಿ ಹೆಗಲಿಗೆ ಹಾಕಿಕೊಂಡು ಲೈನಿನ ಕಡೆ ನಡೆದಿದ್ದಳು.

ಕಣದಲ್ಲಿ ರಾಜಶೇಖರ್ ದೂರದರ್ಶಕದ ಕಾಲುಗಳನ್ನು ಮಡಚಿ ಪೆಟ್ಟಿಗೆಗೆ ಹಾಕುತ್ತಿದ್ದ. ಇನ್ನು ಇದನ್ನು ಬಿಚ್ಚುವವರು ಯಾರೂ ಇಲ್ಲ ಅನ್ನುವುದು ಅವನು ಪಟ್ಟಿ ಬಿಗಿಯುವ ರೀತಿಯಲ್ಲೇ ಗೊತ್ತಾಗುತ್ತಿತ್ತು. ಗೌಡರು ಜಗಲಿಯಿಂದ ಇಳಿದು ಬಂದರು.

‘ಏನಂದ್ಲು?’

‘ಎಲ್ಲಾರೂ ಮನೆ ಸೇರಿದ್ರಂತೆ,’ ಅಂದಳು ಶಾಲಿನಿ.

ಅಂದಮೇಲೆ ಗುಂಡಯ್ಯ ನೆನಪಾದ; ಆದರೆ ಆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲು ಅವಳಿಗೆ ಆಗಲಿಲ್ಲ.