ಬೇಕಾಗಿದ್ದಾರೆ ಪುಟದ ಅಕ್ಕ

ಪತ್ರಿಕಾ ಕಚೇರಿಯ ನೆಲಮಹಡಿಯಲ್ಲಿ, ಎಡಗಡೆಯ ಕಿಟಕಿ ಅವಳದು. ಇಪ್ಪತ್ತೆರಡು ವರ್ಷ ಆ ಕಿಟಕಿಯ ಹಿಂದೆ ಕೂತು ‘ಬೇಕಾಗಿದ್ದಾರೆ’ ಪುಟದ ಜಾಹೀರಾತುಗಳನ್ನು ತೆಗೆದುಕೊಂಡಳು. ಕೆಲಸಕ್ಕೆ ಜನ ಬೇಕಾದವರು ಚೀಟಿ ಬರೆದು ತರುತ್ತಿದ್ದರು. ಅವಳು ಪೆನ್ಸಿಲಿನ ತುದಿಯಿಂದ ಒಂದೊಂದೇ ಪದ ಎಣಿಸಿ, ಬೇಡದ್ದಕ್ಕೆ ಗೀಟು ಎಳೆದು, ಉಳಿದದ್ದನ್ನು ಓದಿ ಹೇಳುತ್ತಿದ್ದಳು. “‘ಚುರುಕಾದ’ ಅನ್ನೋದು ಬೇಡ ಬಿಡಿ ಸಾರ್. ತಾನು ಮಂಕು ಅಂದ್ಕೊಂಡಿರೋರು ಈ ಲೋಕದಲ್ಲಿ ಒಬ್ಬರೂ ಇಲ್ಲ.” ಬಂದವರು ನಗುತ್ತಿದ್ದರು, ಮತ್ತೆ ಅವಳ ಕಿಟಕಿಗೇ ಬರುತ್ತಿದ್ದರು. ಯಾವ ಕಾರ್ಖಾನೆಯಲ್ಲಿ ಯಾರು ನಿಲ್ಲುವುದಿಲ್ಲ, ಯಾವ ಯಜಮಾನ ಎಂಥವನು, ಯಾರ ಫೋನ್ ನಂಬರಿನ ಕೊನೆ ಅಂಕಿ ಏನು, ಎಲ್ಲ ಅವಳಿಗೆ ಬಾಯಿಪಾಠ. ಕಚೇರಿಯಲ್ಲಿ ಚಿಕ್ಕವರು ದೊಡ್ಡವರು ಎಲ್ಲರಿಗೂ ಅವಳು ‘ಅಕ್ಕ’.

ನಿಜವಾಗಿ ಅಕ್ಕ ಅನ್ನಬೇಕಾದವನು ಮೇಲಿನ ಮಹಡಿಯಲ್ಲಿದ್ದ. ಅವಳ ತಮ್ಮ, ಪ್ರೂಫ್ ರೀಡರ್. ತಾಯಿ ತೀರಿಹೋದಾಗ ಅವನಿಗೆ ಒಂಬತ್ತು ವರ್ಷ. ಸಾಕಿ, ಓದಿಸಿ, ಸಂಪಾದಕರ ಕೈಕಾಲು ಹಿಡಿದು ಅದೇ ಪತ್ರಿಕೆಗೆ ಸೇರಿಸಿ, ಅವನಿಗೊಂದು ಮದುವೆ ಮಾಡುವ ಹೊತ್ತಿಗೆ ಅವಳ ಮದುವೆಯ ಮಾತನ್ನು ಜನ ಎತ್ತುವುದೇ ಬಿಟ್ಟಿದ್ದರು. ಅವಳ ಪುಟದ ಕರಡನ್ನು ತಿದ್ದುತ್ತಿದ್ದವನು ಅವನೇ. ಸಂಜೆ ನಾಲ್ಕಕ್ಕೆ ಕೆಂಪು ಶಾಯಿಯ ಹಾಳೆ ಹಿಡಿದು ಇಳಿದು ಬರುತ್ತಿದ್ದ. “ಅಕ್ಕಾ, ‘ಅನುಭವಿ ಅಡುಗೆಯವರು’ ಅನ್ನೋ ಕಡೆ ‘ಅನುಭವಿಸಿ ಅಡುಗೆಯವರು’ ಅಂತ ಆಗಿತ್ತು. ತಿದ್ದಬಾರದಿತ್ತು ಅನ್ಸುತ್ತೆ.”

ಉದ್ಯೋಗ ಹುಡುಕುವ ಸೈಟಿನ ಮೊದಲ ಜಾಹೀರಾತು ಬಂದದ್ದೂ ಅದೇ ಕಿಟಕಿಗೆ. ಇಡೀ ಪುಟದ ಜಾಹೀರಾತು. ‘ನಿಮ್ಮ ಮುಂದಿನ ಕೆಲಸ ಒಂದು ಬೆರಳಿನ ದೂರದಲ್ಲಿ.’ ಅಷ್ಟು ದೊಡ್ಡ ಜಾಹೀರಾತನ್ನು ಅವಳು ಅಲ್ಲಿಯವರೆಗೆ ಕಂಡಿರಲಿಲ್ಲ. ಆ ದಿನ ಕಚೇರಿಯವರೆಲ್ಲ ಸಿಹಿ ತಿಂದರು. ತಮ್ಮ ಅದರಲ್ಲೂ ಎರಡು ತಪ್ಪು ಹಿಡಿದು ತಿದ್ದಿದ. ಬಹಳ ಕಾಲದ ಮೇಲೆ ಒಮ್ಮೆ ಅವನೇ ಹೇಳಿದ: “ನಮ್ಮ ಗೋರಿ ಕಲ್ಲಿನ ಕಾಗುಣಿತ ನಾವೇ ತಿದ್ದಿಕೊಟ್ವಿ ನೋಡು.”

ನಾಲ್ಕು ಪುಟವಿದ್ದದ್ದು ಎರಡಾಯಿತು, ಆಮೇಲೆ ಒಂದಾಯಿತು. ಅರ್ಧಕ್ಕೆ ಇಳಿದ ಮಳೆಗಾಲದಲ್ಲಿ ಸೈಟಿನ ಮ್ಯಾನೇಜರ್ ಕಿಟಕಿಯ ಹೊರಗೆ ನಿಂತು ಮಾತಿಗೆಳೆದ. “ಮೇಡಂ, ನಮ್ಮ ಹತ್ರ ಯಂತ್ರ ಇದೆ, ಜನರ ಪರಿಚಯ ಇಲ್ಲ. ನಿಮ್ಮ ಹತ್ರ ಅದಿದೆ. ಬಂದುಬಿಡಿ.” ಅವಳು ಎರಡು ವಾರ ಯೋಚಿಸಿದಳು. ಪುಟ ಹೇಗೂ ಸಾಯುತ್ತದೆ, ಇಬ್ಬರಲ್ಲಿ ಒಬ್ಬರ ಒಲೆಯಾದರೂ ಉರಿಯಲಿ ಅಂದುಕೊಂಡಳು. ತಮ್ಮನಿಗೆ ಹೇಳಿದಾಗ ಅವನು, “ಸೈಟಾ? ಎಷ್ಟು ಉದ್ದ, ಎಷ್ಟು ಅಗಲ?” ಎಂದು ತಮಾಷೆ ಮಾಡಿದ. ತಾನು ಮಾತ್ರ ನಗಲಿಲ್ಲ.

ಹೊಸ ಕಚೇರಿಯಲ್ಲಿ ಅವಳಿಗೆ ಕೊಟ್ಟ ಕೆಲಸ ಒಂದೇ: ಹಳೆಯ ಗಿರಾಕಿಗಳಿಗೆಲ್ಲ ಫೋನ್ ಮಾಡುವುದು. “ನಾನು ಸಾರ್, ಬೇಕಾಗಿದ್ದಾರೆ ಪುಟದ ಅಕ್ಕ. ಮೂರು ತಿಂಗಳು ಪುಕ್ಕಟೆ ಹಾಕ್ತೀವಿ.” ಅವಳ ದನಿ ಕೇಳಿದ್ದೇ ಸಾಕು, ಅವರು ಹೂಂ ಅನ್ನುತ್ತಿದ್ದರು. ವರ್ಷ ತುಂಬುವುದರೊಳಗೆ ಪತ್ರಿಕೆ ಆ ಅರ್ಧ ಪುಟವನ್ನೂ ನಿಲ್ಲಿಸಿತು. ಏಳು ಜನರನ್ನು ಮನೆಗೆ ಕಳಿಸಿತು. ಏಳನೆಯವನು ಅವಳ ತಮ್ಮ.

ಬೈಯುತ್ತಾನೆ ಎಂದು ಅವಳು ಎದೆ ಗಟ್ಟಿಮಾಡಿಕೊಂಡು ಅವನ ಮನೆಗೆ ಹೋದಳು. ಅವನು ಹೊಸ್ತಿಲ ಮೇಲೆ ಕೂತು ಚಪ್ಪಲಿಯ ಉಂಗುಟಕ್ಕೆ ಹೊಲಿಗೆ ಹಾಕುತ್ತಿದ್ದ. ತಲೆ ಎತ್ತದೆ, “ನೀನಲ್ಲದಿದ್ರೆ ಇನ್ಯಾರೋ ಮಾಡ್ತಿದ್ರು ಬಿಡಕ್ಕಾ,” ಅಂದ. ಬೈದಿದ್ದರೆ ಚೆನ್ನಾಗಿತ್ತು.

ಗಿರಾಕಿಗಳೆಲ್ಲ ಸೈಟಿಗೆ ಬಂದಾದ ಮೇಲೆ ಅವಳಿಗೆ ಬೇರೆ ಕೆಲಸ ಬಂತು. ಅವಧಿ ಮುಗಿದ ಜಾಹೀರಾತುಗಳ ಪಟ್ಟಿ ಬೆಳಿಗ್ಗೆ ಪರದೆಯ ಮೇಲೆ ಬರುತ್ತಿತ್ತು. ಒಂದೊಂದರ ಮೇಲೂ ಒತ್ತಿದರೆ ಹಳೆಯ ತಾರೀಕು ಹೋಗಿ ಇವತ್ತಿನದು ಬೀಳುತ್ತಿತ್ತು. ದಿನಕ್ಕೆ ಮುನ್ನೂರು.

“ಈ ಕೆಲಸ ಎಲ್ಲ ತುಂಬಿಹೋಗಿವೆಯಲ್ಲ ಸಾರ್?” ಎಂದು ಮೊದಲ ವಾರ ಕೇಳಿದ್ದಳು.

“ಖಾಲಿ ಅಂಗಡಿಗೆ ಯಾರು ಬರ್ತಾರೆ ಮೇಡಂ?” ಮ್ಯಾನೇಜರ್ ಮೆತ್ತಗಿನ ಮನುಷ್ಯ, ದನಿ ಏರಿಸಿದವನಲ್ಲ. “ಕೆಲಸ ಜಾಸ್ತಿ ಕಂಡ್ರೆ ಹುಡುಕೋರು ಜಾಸ್ತಿ ಬರ್ತಾರೆ. ಹುಡುಕೋರು ಜಾಸ್ತಿ ಇದ್ರೆ ಅವರ ವಿವರ ನೋಡೋಕೆ ಕಂಪನಿಗಳು ಬರ್ತವೆ. ನಾವು ಮಾರೋದು ಕೆಲಸ ಅಂದ್ಕೊಂಡ್ರಾ? ನಾವು ಮಾರೋದು ಕಾಯ್ತಾ ಇರೋರನ್ನ.”

ಅವಳು ಮತ್ತೆ ಕೇಳಲಿಲ್ಲ. ಒತ್ತಿದಳು.

ಒಂದು ಭಾನುವಾರ ತಮ್ಮ ಪ್ಲಾಸ್ಟಿಕ್ ಕವರಿನಲ್ಲಿ ಸರ್ಟಿಫಿಕೇಟುಗಳನ್ನು ಹಿಡಿದು ಅವಳ ಮನೆಗೆ ಬಂದ. ಕೆಲಸ ಹೋಗಿ ಹದಿನಾಲ್ಕು ತಿಂಗಳಾಗಿತ್ತು. ಕಾಲರು ಸವೆದಿದ್ದರೂ ಇಸ್ತ್ರಿ ಮಾಡಿದ ಅಂಗಿ. “ನಿಮ್ಮ ಸೈಟಲ್ಲಿ ನಂದೂ ಒಂದು ಹಾಕಿಬಿಡು,” ಅಂದ. ಅವಳು ಹಾಕಿದಳು. ವಯಸ್ಸು ನಲವತ್ತನಾಲ್ಕು. ಅನುಭವ ಹತ್ತೊಂಬತ್ತು ವರ್ಷ. ಕೌಶಲ ಎಂಬ ಕಡೆ ಏನು ಬರೆಯುವುದೆಂದು ಇಬ್ಬರೂ ಬಹಳ ಹೊತ್ತು ಕೂತರು. ಕೊನೆಗೆ ಅವನೇ, “ತಪ್ಪು ಹಿಡಿಯೋದು ಅಂತ ಬರಿ,” ಅಂದ.

ಆಮೇಲೆ ಅವನು ತಾನೇ ಕಲಿತ. ಅಲ್ಲಿ ಇಲ್ಲಿ ನೂರಾರು ಕಡೆ ಅರ್ಜಿ ಹಾಕಿದ. ಯಾರೂ ಕರೆಯಲಿಲ್ಲ. ಒಂದು ದಿನ ಮಧ್ಯಾಹ್ನ, ಅವಳು ಊಟದ ಡಬ್ಬಿ ತೆರೆಯುತ್ತಿದ್ದಾಗ ಫೋನ್ ಬಂತು. ಅವನ ದನಿ ಮೊದಲಿನ ಹಾಗಿತ್ತು.

“ಅಕ್ಕಾ, ಸಿಕ್ತು! ಔಷಧಿ ಬಾಟಲಿಗೆ ಲೇಬಲ್ ಛಾಪಿಸೋ ಪ್ರೆಸ್ಸು. ಪ್ರೂಫ್ ನೋಡೋರು ಬೇಕಂತೆ. ಹತ್ತು ವರ್ಷದ ಮೇಲೆ ಅನುಭವ ಇರ್ಬೇಕಂತೆ. ನನ್ನನ್ನ ಅಳತೆ ತಗೊಂಡು ಹೊಲಿದ ಹಾಗಿದೆ. ಮೊನ್ನೆ ಗುರುವಾರ ಹಾಕಿದ್ದಾರೆ.”

ಅವಳ ತುತ್ತು ಡಬ್ಬಿಯಲ್ಲೇ ಉಳಿಯಿತು. ಆ ಜಾಹೀರಾತು ಅವಳಿಗೆ ಗೊತ್ತಿತ್ತು. ಪತ್ರಿಕೆಯ ಕಿಟಕಿಯಲ್ಲಿ ಅದರ ಪದ ಎಣಿಸಿದವಳು ಅವಳು, ಸೈಟಿಗೆ ತಂದವಳು ಅವಳು. ಗುರುವಾರ ಅದರ ಮೇಲೆ ಒತ್ತಿದ್ದೂ ಅವಳೇ. ಆ ಕೆಲಸ ತುಂಬಿ ಎರಡು ವರ್ಷದ ಮೇಲಾಗಿತ್ತು.

“ನೋಡೋಣ ಕಣೋ,” ಎಂದಳು. ಡಬ್ಬಿಯ ಮುಚ್ಚಳ ಹಾಕಿದಳು.

ಮುಂದಿನ ಭಾನುವಾರ ಹೇಳಿಬಿಡಬೇಕೆಂದು ಹೋದಳು. ಅವನ ಮನೆಯ ಮೇಜಿನ ತುಂಬ ಖಾಲಿ ಔಷಧಿ ಬಾಟಲಿಗಳು. ಅಕ್ಕಪಕ್ಕದ ಮನೆಗಳಿಂದೆಲ್ಲ ಕೇಳಿ ತಂದಿದ್ದ. ಕಣ್ಣಿಗೆ ಭೂತಗನ್ನಡಿ ಹಿಡಿದು, ಆ ಪ್ರೆಸ್ಸಿನ ಲೇಬಲ್‌ಗಳಲ್ಲಿ ಹನ್ನೊಂದು ತಪ್ಪು ಹುಡುಕಿ, ದುಂಡು ಅಕ್ಷರದಲ್ಲಿ ಪಟ್ಟಿ ಮಾಡಿದ್ದ. “ಮಕ್ಕಳಿಗೆ ಕೊಡಬಾರದು ಅನ್ನೋ ಕಡೆ ‘ಕೊಡಬಹುದು’ ಅಂತ ಆಗಿದೆ ನೋಡು. ಇದನ್ನ ನೋಡಿದ್ಮೇಲೂ ನನ್ನನ್ನ ಕರೆಯದೆ ಇರ್ತಾರಾ?” ಫೋನನ್ನು ಕಿಟಕಿಯ ಕಟ್ಟೆಯ ಮೇಲೆ ಇಟ್ಟಿದ್ದ, ಮನೆಯಲ್ಲಿ ಸಿಗ್ನಲ್ ಚೆನ್ನಾಗಿ ಸಿಗುವ ಜಾಗ ಅದೊಂದೇ. ಅವನ ಹೆಂಡತಿ ಅವಳಿಗೆ ಚಹಾ ಕೊಡುತ್ತ ಪಿಸುಗುಟ್ಟಿದಳು: “ಎಷ್ಟೋ ದಿನದ ಮೇಲೆ ಹೊಟ್ಟೆ ತುಂಬ ಊಟ ಮಾಡ್ತಿದ್ದಾರೆ ಅತ್ತಿಗೆ.”

ಚಹಾ ಕುಡಿದು ಎದ್ದು ಬಂದಳು.

ಸೋಮವಾರ ಪ್ರೆಸ್ಸಿನ ಯಜಮಾನರಿಗೆ ಫೋನ್ ಮಾಡಿದಳು. ಒಬ್ಬನೇ ಒಬ್ಬನಿಗೆ ಜಾಗ ಇದ್ದೀತೇ ಎಂದು ಕೇಳಿದಳು.

“ಅಯ್ಯೋ ಅಕ್ಕ, ಆವಾಗ ಸೇರಿಸ್ಕೊಂಡಿದ್ದವನನ್ನೂ ಕಳಿಸಿಬಿಟ್ವಿ. ಈಗ ಪ್ರೂಫು ಕಂಪ್ಯೂಟರೇ ನೋಡುತ್ತೆ. ನಿಮ್ಮೋರಿಗೆ ಎರಡು ಸಲ ಹೇಳಿಸ್ದೆ, ಅದನ್ನ ತೆಗೀರಿ ಅಂತ. ತೆಗೀಲಿಲ್ಲ. ಸಾವಿರಗಟ್ಟಲೆ ಅರ್ಜಿ ಬರ್ತಾ ಇವೆ. ಯಾರು ತೆರೆದು ನೋಡ್ತಾರೆ?” ಕೊನೆಗೆ ಹೇಳಿದರು: “ನಿಮ್ಮ ದನಿ ಕೇಳಿ ಬಂದವನು ನಾನು.”

ಮ್ಯಾನೇಜರಿಗೆ ಹೇಳಿದಳು. “ಕಂಪನಿಯವರು ಬರವಣಿಗೆಯಲ್ಲಿ ಕಳಿಸ್ಲಿ ಮೇಡಂ,” ಅಂದ. ಅವಳು ತನ್ನ ಜಾಗಕ್ಕೆ ಬಂದು ಆ ಜಾಹೀರಾತನ್ನು ತಾನೇ ತೆಗೆದುಹಾಕಿದಳು. ಇಷ್ಟು ಸುಲಭವಾಗಿತ್ತೇ ಎಂದು ನಾಚಿಕೆಯಾಯಿತು.

ಸಂಜೆ ನೇರ ತಮ್ಮನ ಮನೆಗೆ ಹೋದಳು. ಬಾಗಿಲಲ್ಲೇ ಅವನು ಫೋನ್ ಹಿಡಿದು ನಿಂತಿದ್ದ. “ಅಕ್ಕಾ, ಈ ಕೆಲಸ ಲಭ್ಯವಿಲ್ಲ ಅಂತ ಬರ್ತಿದೆ.”

ಅವಳು ಕೂತು ಎಲ್ಲವನ್ನೂ ಹೇಳಿದಳು. ತಾರೀಕು ಬದಲಾಯಿಸುವುದನ್ನು, ಯಜಮಾನರ ಮಾತನ್ನು, ತಾನೇ ತೆಗೆದದ್ದನ್ನು. ಅವನು ಕೊನೆಯ ಮಾತನ್ನು ಮಾತ್ರ ಕೇಳಿಸಿಕೊಂಡ.

“ನೀನೇ ತೆಗೆದೆಯಾ?”

“ಇಲ್ಲದ ಕೆಲಸ ಕಣೋ ಅದು. ಸುಳ್ಳು.”

“ನನ್ನ ಅರ್ಜಿಯನ್ನ ಅವರು ನೋಡಿದ್ದಾರೆ ಅಂತ ತೋರಿಸ್ತಿತ್ತು. ಮೂರು ಸಲ.”

“ಅದನ್ನ ಯಂತ್ರ ತೋರಿಸುತ್ತೆ. ಎಲ್ಲರಿಗೂ ತೋರಿಸುತ್ತೆ. ಬೇಕಾದ್ರೆ ನಾಳೆ ಪ್ರೆಸ್ಸಿಗೇ ಹೋಗಿ ಕೇಳು.”

“ಹೋಗಿದ್ದೆ. ಗೇಟಲ್ಲಿ ಸೈಟಲ್ಲೇ ಅರ್ಜಿ ಹಾಕಿ ಅಂದ್ರು. ಕೆಲಸ ಇಲ್ಲದಿದ್ರೆ ಹಾಗೆ ಅಂತಿದ್ರಾ?” ಅವನ ದನಿ ಏರಲಿಲ್ಲ, ತೆಳ್ಳಗಾಯಿತು. “ಅವತ್ತು ಪೇಪರಿನಿಂದ ತೆಗೆಸಿದೆ. ಸಹಿಸ್ಕೊಂಡೆ. ಇದನ್ನಾದ್ರೂ ಬಿಡಬಾರದಿತ್ತಾ ಅಕ್ಕಾ?”

ಅವನು ಬಾಟಲಿಗಳನ್ನು ಒಂದೊಂದಾಗಿ ಚೀಲಕ್ಕೆ ಹಾಕತೊಡಗಿದ. ಅವನ ಹೆಂಡತಿ ಅಡುಗೆಮನೆಯಿಂದ ಹೊರಗೆ ಬರಲಿಲ್ಲ. ಚೀಲ ತುಂಬಿದ ಮೇಲೂ ಅವನು ತಿರುಗಿ ನೋಡದಿದ್ದಾಗ ಅವಳು ಚಪ್ಪಲಿ ಮೆಟ್ಟಿಕೊಂಡು ಹೊರಟಳು.

ಮೂರು ವಾರ ಅವನು ಅವಳ ಫೋನ್ ಎತ್ತಲಿಲ್ಲ. ನಾಲ್ಕನೆಯ ವಾರ ಬೆಳಿಗ್ಗೆ ಮ್ಯಾನೇಜರ್ ಅವಳ ಮೇಜಿನ ಬಳಿ ಬಂದು, ಎಂದಿನ ಮೆತ್ತಗಿನ ದನಿಯಲ್ಲಿ, ಅಳಿಸಿಹೋಗಿದ್ದ ಕೆಲವು ಜಾಹೀರಾತುಗಳನ್ನು ಹಳೆಯ ಪ್ರತಿಯಿಂದ ವಾಪಸ್ ತಂದಿದ್ದೇವೆ, ಕೈತಪ್ಪಿ ಆಗಿರಬೇಕು, ಇನ್ನು ಮುಂದೆ ಜೋಪಾನ ಎಂದ. ಅವನಿಗೆ ಗೊತ್ತಿತ್ತೋ ಇಲ್ಲವೋ ಅವಳಿಗೆ ತಿಳಿಯಲಿಲ್ಲ. ಅವಳ ಕೆಲಸವನ್ನಂತೂ ತೆಗೆಯಲಿಲ್ಲ. ತೆಗೆದಿದ್ದರೆ ಅದನ್ನಾದರೂ ಹಿಡಿದುಕೊಂಡು ತಮ್ಮನ ಬಾಗಿಲಿಗೆ ಹೋಗಬಹುದಿತ್ತು.

ಹನ್ನೊಂದು ಗಂಟೆಗೆ ತಮ್ಮನ ಹೆಂಡತಿಯ ಫೋನ್ ಬಂತು. ಹಿಂದೆ ಎಲ್ಲೋ ಬಾಟಲಿಗಳ ಸದ್ದು ಕೇಳುತ್ತಿತ್ತು.

“ಅತ್ತಿಗೆ, ಆ ಪ್ರೆಸ್ಸಿನ ಕೆಲಸ ಮತ್ತೆ ಬಂದಿದೆಯಂತೆ, ಇವತ್ತಿನ ತಾರೀಕು. ಇವರು ಅರ್ಜಿ ಹಾಕಿದ್ರು. ನಿಮ್ಮ ಕಾಲಿಗೆ ಬೀಳ್ತೀನಿ, ಈ ಸಲ ಅದನ್ನ ಮುಟ್ಟಬೇಡಿ.”

“ಇಲ್ಲಮ್ಮ,” ಅಂದಳು ಅಕ್ಕ. “ಮುಟ್ಟಲ್ಲ.”