ಅರ್ಥವಾಗದ ಅಕ್ಕ

‘ನನಗೆ ಅರ್ಥ ಆಗ್ಲಿಲ್ಲ, ಇನ್ನೊಂದ್ಸಲ ಹೇಳಿ’ ಎಂಬ ಮಾತನ್ನು ಕಿಂಚಿತ್ತೂ ಸಂಕೋಚವಿಲ್ಲದೆ, ಕುಡಿಯಲು ನೀರು ಕೇಳುವಷ್ಟು ಸಹಜವಾಗಿ, ಯಾರ ಮುಂದೆ ಬೇಕಾದರೂ ಆಡಬಲ್ಲವರನ್ನು ನಾನು ಕಂಡದ್ದು ಒಬ್ಬರನ್ನೇ. ದೊಡ್ಡ ಆಸ್ಪತ್ರೆಯೊಂದರ ಬಟ್ಟೆ ಒಗೆಯುವ ವಿಭಾಗದಲ್ಲಿ ಅವರು ಹರಿದ ಬೆಡ್‌ಶೀಟು, ನಿಲುವಂಗಿಗಳಿಗೆ ತೇಪೆ ಹಾಕುತ್ತಿದ್ದರು. ನಾನು ಅಲ್ಲಿಯ ಗುಮಾಸ್ತ. ವಯಸ್ಸಿನಲ್ಲಿ ನನಗಿಂತ ಕಿರಿಯರಾದರೂ ಎಲ್ಲರಂತೆ ನಾನೂ ಅವರನ್ನು ಅಕ್ಕ ಎಂದೇ ಕರೆಯುತ್ತಿದ್ದೆ. ನಾಲ್ಕು ಹೆಜ್ಜೆ ಇಟ್ಟರೆ ಏನೋ ಮರೆತವರಂತೆ ನಿಲ್ಲುವರು, ಯೋಚಿಸುವರು, ಮತ್ತೆ ಹೊರಡುವರು. ಮಾಸಿದ ನೀಲಿ ಕೋಟಿನ ಕಾಲರಿನ ತುಂಬ ಗುಂಡುಸೂಜಿ ಚುಚ್ಚಿಕೊಂಡಿರುತ್ತಿದ್ದರಿಂದ ಗುಟ್ಟು ಹೇಳಲು ಅವರ ಕಿವಿಯ ಹತ್ತಿರ ಹೋಗುವ ಧೈರ್ಯ ಯಾರಿಗೂ ಇರಲಿಲ್ಲ. ಹೇಳುವುದಿದ್ದರೆ ಎಲ್ಲರಿಗೂ ಕೇಳುವಂತೆಯೇ ಹೇಳಬೇಕು.

ಒಂದು ದಿನ ಇಸ್ತ್ರಿ ಯಂತ್ರದ ಬಿಸಿ ಉರುಳೆಗೆ ಸಿಕ್ಕಿ ಅಲ್ಲಿ ಕೆಲಸ ಮಾಡುವ ಹೆಂಗಸೊಬ್ಬಳ ಎರಡು ಬೆರಳು ಬೆಂದುಹೋದವು. ಉರುಳೆಯ ಮುಂದೊಂದು ತಡೆಕಂಬಿ ಇತ್ತು. ಕೈ ತಾಗಿದೊಡನೆ ಯಂತ್ರ ನಿಲ್ಲಬೇಕು. ಅಂದು ನಿಲ್ಲಲಿಲ್ಲ. ಸೂಪರ್‌ವೈಸರ್ ಉದ್ದನೆಯ ಮೇಜಿನ ತುದಿಯಲ್ಲಿ ಕೂತು ಮೂರು ಸಲ ಸಭೆ ನಡೆಸಿದರು. ‘ತಪ್ಪು ಯಾರದು?’ ಎಂದು ಮೂರು ಸಲವೂ ಕೇಳಿದರು. ‘ಗೊತ್ತಿಲ್ಲ ಸಾರ್’ ಎಂಬ ಉತ್ತರವನ್ನು ಹನ್ನೆರಡು ಬಾಯಿಗಳಿಂದ ನಾನು ಮೂರು ಸಲವೂ ಬರೆದುಕೊಂಡೆ. ಕೊನೆಗೆ, ಯಾರೊಂದಿಗೂ ಜಗಳವಿಲ್ಲದ ಅಕ್ಕನಿಗೇ ನಾಲ್ಕನೆಯ ಸಭೆಯನ್ನು ಒಪ್ಪಿಸಿ ಅವರು ಕೈತೊಳೆದುಕೊಂಡರು. ತಪ್ಪಿತಸ್ಥರು ಸಿಗದಿದ್ದರೆ ಗಾಯಗೊಂಡವಳದೇ ಅಜಾಗರೂಕತೆ ಎಂದು ವರದಿ ಹೋಗುವುದಿತ್ತು. ಅವಳ ಕೆಲಸವೂ ಹೋಗುವುದಿತ್ತು.

ಅಕ್ಕ ಮೊದಲು ಮೇಜನ್ನು ಹೊರಗೆ ಹಾಕಿಸಿದರು. ಸ್ಟೂಲುಗಳನ್ನು ದುಂಡಗೆ ಇಡಿಸಿ, ಸೂಪರ್‌ವೈಸರಿಗೂ ಒಂದನ್ನು ತೋರಿಸಿದರು. ಅವರು ಮುಖ ಸಿಂಡರಿಸಿಕೊಂಡೇ ಕೂತರು.

‘ಆವತ್ತು ಬೆಳಿಗ್ಗೆ ಮೆಷಿನ್ ಮುಂದೆ ಏನು ಕಾಣಿಸ್ತು?’ ಎಂದು ಕೇಳಿ ಅಕ್ಕ ಸುಮ್ಮನಾದರು. ಆ ಮೌನ ಎಷ್ಟು ದೀರ್ಘವಾಯಿತೆಂದರೆ, ಮುಂದಿನ ಪ್ರಶ್ನೆ ಅವರಿಗೆ ಮರೆತೇಹೋಗಿದೆಯೆಂದು ನಾನು ಕಳವಳಗೊಂಡೆ.

ಇಸ್ತ್ರಿ ಕೆಲಸದ ಮೇಸ್ತ್ರಿ ಕೆಮ್ಮಿದ. ‘ಕಂಬಿ ಕಟ್ಟಿತ್ತು.’

‘ಕಟ್ಟಿತ್ತು ಅಂದ್ರೆ? ನನಗೆ ಅರ್ಥ ಆಗ್ಲಿಲ್ಲ.’

ಅವನು ಎದ್ದು ಕೈಯಾಡಿಸಿ ತೋರಿಸಿದ. ‘ದಪ್ಪ ಬಟ್ಟೆ ತಾಗಿದಾಗೆಲ್ಲ ಮೆಷಿನ್ ನಿಂತ್ಹೋಗುತ್ತೆ ಅಕ್ಕಾ. ಸಂಜೆಯೊಳಗೆ ಎರಡು ಸಾವಿರ ಬೆಡ್‌ಶೀಟ್ ಆಗ್ಬೇಕು. ಅದಕ್ಕೇ ಕಂಬೀನ ಮೇಲೆತ್ತಿ ಕಟ್ತಿದ್ವಿ.’

ಯಾರು ಕಟ್ಟಿದ್ದು ಎಂದು ಅಕ್ಕ ಕೇಳಲಿಲ್ಲ. ಯಾವತ್ತಿಂದ ಎಂದು ಕೇಳಿದರು. ಒಬ್ಬ ಮೂರು ತಿಂಗಳು ಎಂದ, ಇನ್ನೊಬ್ಬಳು ವರ್ಷ ಎಂದಳು, ಮತ್ತೊಬ್ಬ ತಾನು ಸೇರುವ ಮೊದಲಿಂದಲೂ ಎಂದ. ಯಾವುದನ್ನು ಬರೆಯಬೇಕೆಂದು ತಿಳಿಯದೆ ನನ್ನ ಪೆನ್ನು ತಬ್ಬಿಬ್ಬಾಯಿತು.

‘ಯಾವುದ್ರಿಂದ ಕಟ್ತಿದ್ರಿ?’

ಬ್ಯಾಂಡೇಜಿನ ಕೈಯನ್ನು ಮಡಿಲಲ್ಲಿಟ್ಟು ಕೂತಿದ್ದ ಹೆಂಗಸೇ ಮೆಲ್ಲಗೆ ಹೇಳಿದಳು: ‘ನೀವು ಹೊಲಿದುಕೊಟ್ಟಿದ್ರಲ್ಲ ಅಕ್ಕಾ, ಎರಡು ಪದರದ ಬಟ್ಟೆ ಪಟ್ಟಿಗಳು, ಅದ್ರಿಂದ್ಲೇ.’

ಮೇಸ್ತ್ರಿ ಕೇಳಿದ್ದನೆಂದು ಅಂಥ ಪಟ್ಟಿಗಳನ್ನು ಅಕ್ಕ ಡಜನ್‌ಗಟ್ಟಲೆ ಹೊಲಿದಿದ್ದುದು ನಿಜ. ಅವರ ಮುಖ ಬಿಳಿಚಿಕೊಂಡಿತು. ನನ್ನ ಕಡೆ ತಿರುಗಿದರು. ‘ಬರ್ಕೊಳ್ಳಿ. ಪಟ್ಟಿ ಹೊಲಿದವಳು ನಾನು. ಯಾತಕ್ಕೆ ಅಂತ ಕೇಳ್ಲಿಲ್ಲ.’

ಆಮೇಲೆ ನಡೆದದ್ದನ್ನು ಕ್ರಮವಾಗಿ ಹೇಳುವುದು ಇಂದಿಗೂ ನನ್ನಿಂದಾಗದು. ಎಲ್ಲರೂ ಒಟ್ಟಿಗೇ ಮಾತಾಡಿದರು. ಪಟ್ಟಿ ಕೇಳಿದ್ದು ತಾನೆಂದು ಮೇಸ್ತ್ರಿ ಹೇಳಿದ. ‘ಆವತ್ತು ಕಟ್ಟಿದ್ದು ನಾನೇ’ ಎಂದು ಆ ಹೆಂಗಸು ಅತ್ತಳು. ‘ಹಿಂದಿನ ದಿನ ನಾನು’ ಎಂದು ಪಕ್ಕದವಳು ಅವಳ ಹೆಗಲು ಹಿಡಿದಳು. ಸೂಪರ್‌ವೈಸರ್ ತಮ್ಮ ಬೂಟುಗಳನ್ನೇ ನೋಡುತ್ತಿದ್ದರು. ‘ದಿನಕ್ಕೆ ಸಾವಿರದ ಐನೂರು ಬೆಡ್‌ಶೀಟ್ ಆದ್ರೆ ಸಾಕು ಅಂದ್ರೆ, ಕಂಬಿ ಕಟ್ಟದೆ ನಡೆಯುತ್ತಾ?’ ಎಂದು ಕೊನೆಗೆ ಅವರು ಕೇಳಿದ್ದು ಆಜ್ಞೆಯಂತಿರಲಿಲ್ಲ. ನಡೆಯಿತು. ಆ ವಾರವೇ ಪಟ್ಟಿಗಳೆಲ್ಲ ಕಸಕ್ಕೆ ಹೋದವು. ಯಾರ ಕೆಲಸವೂ ಹೋಗಲಿಲ್ಲ.

ಹೊರಗೆ ಬರುವಾಗ ನಾನು ತಡೆಯಲಾರದೆ ಕೇಳಿದೆ: ‘ಪಟ್ಟಿ ವಿಷಯ ನಿಮಗೆ ಮೊದಲೇ ಗೊತ್ತಿತ್ತಾ?’

ಅಕ್ಕ ನಿಂತರು. ‘ಗೊತ್ತಿದ್ದಿದ್ರೆ ಆ ಪ್ರಶ್ನೆ ಕೇಳ್ತಿದ್ನಾ?’ ಎಂದು, ನಾಲ್ಕು ಹೆಜ್ಜೆ ಇಟ್ಟು ಮತ್ತೆ ನಿಂತು, ‘ಕೇಳ್ತಿದ್ನೇನೋ. ಗೊತ್ತಿಲ್ಲ ಕಣಣ್ಣಾ’ ಎಂದರು.

ಮುಂದೆಯೂ ಅವರು ಹಲವು ಸಭೆಗಳನ್ನು ನಡೆಸಿದರು. ಊಟದ ಕೋಣೆಯ ಕಿಟಕಿಯ ಬಗ್ಗೆ ನಡೆದದ್ದರಲ್ಲಿ ಇಬ್ಬರು ಮಾತು ಬಿಟ್ಟರು, ಕಿಟಕಿ ಇದ್ದಂತೆಯೇ ಉಳಿಯಿತು. ಹಾಗಾಗಿ ಅವರಲ್ಲಿದ್ದುದನ್ನು ಕೌಶಲವೆಂದು ಕರೆಯಲು ನನಗೆ ಧೈರ್ಯವಿಲ್ಲ. ಅಮಾಯಕತೆಯೆನ್ನಲು ಮನಸ್ಸೂ ಒಪ್ಪುವುದಿಲ್ಲ. ಹತ್ತು ಜನರನ್ನು ಕೂಡಿಸಿ ಮಾತಾಡಿಸುವವರಲ್ಲಿ ಹೆಚ್ಚಿನವರು ಉತ್ತರವನ್ನು ಜೇಬಿನಲ್ಲಿಟ್ಟುಕೊಂಡೇ ಬಂದಿರುತ್ತಾರೆ. ನಾವು ಅದನ್ನು ಊಹಿಸಿ ಒಪ್ಪಿಸಿ ಮನೆಗೆ ಹೋಗುತ್ತೇವೆ. ಬರಿಗೈಯಲ್ಲಿ ಬಂದು ಕೂರುವವರು ಅಪರೂಪ. ಹೊರಬೀಳುವ ಸತ್ಯ ಮೊದಲು ತಮ್ಮ ಮೇಲೆಯೇ ಬಿದ್ದರೂ ಇಂಥವರು ಸ್ಟೂಲು ಬಿಟ್ಟು ಏಳುವುದಿಲ್ಲ. ಅವರು ಏಳದಿರುವುದನ್ನು ಕಂಡು ಉಳಿದವರಿಗೂ ಕೂತಿರುವ ಬಲ ಬರುತ್ತದೆ.